ಕಾಫಿ ಪಾಡ್‌ಗೊಂದು ಬಿದಿರ ಮನೆ

ನಮ್ಮ ಊರು ಮಾಣಿಯ ಸುತ್ತಿನ ಹಳೆಯ ಮನೆಗಳಲ್ಲಿ ಯಾವ ವಸ್ತುವನ್ನೂ ಕಂಡ ಕಂಡಲ್ಲಿ ಇಡುವ ಕ್ರಮ ಇರಲಿಲ್ಲ. ಅಕ್ಕಿಗೆ ಮುಡಿ, ಉಪ್ಪಿಗೆ ಮರಿಗೆ, ಮಿಡಿ ಉಪ್ಪಿನಕಾಯಿಗೆ ಭರಣಿ, ಬೆಣ್ಣೆ ಮೊಸರಿನ ಪಾತ್ರೆಗೆ ಮಾಡಿನ ತೊಲೆಯಿಂದ ಇಳಿಬಿಟ್ಟ ಸಿಕ್ಕ. ಇವುಗಳಲ್ಲಿ ಅಂಗಡಿಯಿಂದ ತಂದದ್ದೆಂದರೆ ಭರಣಿ ಮಾತ್ರ. ಉಳಿದದ್ದೆಲ್ಲ ಮನೆಯಲ್ಲೋ ನೆರೆಕರೆಯಲ್ಲೋ ಹುಟ್ಟಿದ್ದು, ಒಳಗೆ ಕೂರುವ ವಸ್ತುವಿನ ಗುಣ ನೋಡಿಯೇ ಹುಟ್ಟಿದ್ದು. ಆಟಿಯ ಮಳೆಗೆ ಉಪ್ಪು ನೀರೊಡೆಯುತ್ತದೆ. ಅದಕ್ಕೆ ಲೋಹ ಆಗದು, ಹಲಸಿನ ಮರದ ಮರಿಗೆಯೇ ಆಗಬೇಕು. ಬೆಣ್ಣೆಗೆ ಬೆಕ್ಕಿನ ಕಾಟ, ಇರುವೆಯ ಕಾಟ. ಅದು ನೆಲಕ್ಕೂ ಗೋಡೆಗೂ ತಾಗದೆ ತೂಗಬೇಕು.

ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಮುಡಿ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಬಿಗಿಯುತ್ತ, ಬಡಿಯುತ್ತ, ಉರುಳಿಸುತ್ತ ದುಂಡಗೆ ಮಾಡುವ ಕೆಲಸ ಅದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು ಅಕ್ಕಿ ಹುಲ್ಲಿನ ಹೊಟ್ಟೆಯಲ್ಲಿ ಅಟ್ಟದ ಮೇಲೆ ಮಳೆಗಾಲ ಕಳೆಯುತ್ತಿತ್ತು. ಗೇಣಿಯ ಲೆಕ್ಕವೂ ಮುಡಿಯಲ್ಲೇ, ಗದ್ದೆಯ ವಿಸ್ತಾರ ಹೇಳುತ್ತಿದ್ದುದೂ ಮುಡಿಯಲ್ಲೇ. ಒಂದು ಪೊಟ್ಟಣ ಹೀಗೆ ಊರಿನ ಅಳತೆಯೇ ಆಗಿಬಿಟ್ಟದ್ದು ಆ ಕಟ್ಟು ಅಷ್ಟು ಖಚಿತವಾಗಿದ್ದುದರಿಂದ. ಮುಡಿ ಕಟ್ಟಲು ಬಲ್ಲವರು ಈಗ ಊರಿಗೊಬ್ಬರೋ ಇಬ್ಬರೋ ಇದ್ದಾರು.

ಇಂಥ ಮನೆಗೆ ಕಾಫಿ ಪಾಡ್ ಬಂತು.

ಜ್ಯೂರಿಕ್‌ನಲ್ಲಿರುವ ಮಗಳು ಬೇಸಗೆಯ ರಜೆಗೆ ಬರುವಾಗ ತನ್ನ ಅಪ್ಪನಿಗೆಂದು ಒಂದು ಸಣ್ಣ ಯಂತ್ರ, ಅದರ ಜತೆ ಉದ್ದುದ್ದ ರಟ್ಟಿನ ಪೆಟ್ಟಿಗೆಗಳಲ್ಲಿ ಬಣ್ಣ ಬಣ್ಣದ ಪಾಡ್‌ಗಳನ್ನು ತಂದಳು. ಯಂತ್ರಕ್ಕೆ ಅಡುಗೆಮನೆಯ ಕಟ್ಟೆಯಲ್ಲಿ ಜಾಗ ಸಿಕ್ಕಿತು. ಪಾಡ್‌ಗಳನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಸುತ್ತ ನೋಡಿ, "ಅಮ್ಮಾ, ಇದರ ಎಲ್ಲಿ ಮಡುಗುದು?" ಎಂದು ಕೇಳಿದಳು. ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ ಎನ್ನಬಹುದಿತ್ತು. ಆದರೆ ರಟ್ಟು ನಮ್ಮ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಕಪಾಟಿನೊಳಗೆ ತುಂಬಿಸಿದರೆ ಮನೆಯವರು ಅದನ್ನು ಮರೆತು ಎಂದಿನ ಬಟ್ಟೆ ಸೋಸಿದ ಕಾಫಿಗೇ ಹೋಗುತ್ತಾರೆ. ಹೊಸತಾಗಿ ಮನೆ ಹೊಕ್ಕ ವಸ್ತುವಿಗೆ ನಮ್ಮ ಕೈಯಿಂದಲೇ ಒಂದು ಜಾಗ ಮಾಡಿಕೊಡುವವರೆಗೆ ಅದು ನಮ್ಮದಾಗುವುದಿಲ್ಲ ಎಂಬುದು ನಾನು ಗಟ್ಟಿಯಾಗಿ ನಂಬಿದ ಮಾತು. ಸೊಸೆ ಮನೆಗೆ ಬಂದಾಗ ಅವಳ ಸೀರೆಗೆಂದು ಪೆಟ್ಟಿಗೆಯೊಂದನ್ನು ಬರಿದು ಮಾಡಿಕೊಡುವುದಿಲ್ಲವೇ, ಹಾಗೆ.

ಮೊದಲು ವಸ್ತುವಿನ ಗುಣ ನೋಡಬೇಕಿತ್ತು. ಮಗಳು ತಂದದ್ದು ಅಲ್ಯೂಮಿನಿಯಂ ಕ್ಯಾಪ್ಸೂಲ್. ಒಳಗೆ ಐದಾರು ಗ್ರಾಂ ಕಾಫಿಪುಡಿ, ಮೇಲೆ ತೆಳು ತಗಡಿನ ಮುಚ್ಚಳ. ಯಂತ್ರ ಅದಕ್ಕೆ ತೂತು ಕೊರೆದು ಬಿಸಿನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸುತ್ತದೆ. ಈ ಉಪಾಯದ ಮೂಲ ಸ್ವಿಟ್ಜರ್‌ಲೆಂಡಿನ ನೆಸ್ಲೆ ಕಂಪೆನಿಯ ಎಂಜಿನಿಯರ್ ಎರಿಕ್ ಫಾವ್ರ್. 1976ರಲ್ಲಿ ಪೇಟೆಂಟ್ ಆಯಿತು, ನೆಸ್ಪ್ರೆಸೊ ಹೆಸರಲ್ಲಿ ಮಾರಾಟಕ್ಕೆ ಬಂದದ್ದು 1986ರಲ್ಲಿ. ಅಮೆರಿಕದ ಕೆ-ಕಪ್ ಬಂದದ್ದು ಅದಕ್ಕೂ ಹತ್ತು ಹನ್ನೆರಡು ವರ್ಷ ಈಚೆಗೆ. ಈಗ ನಮ್ಮ ದೇಶದ ಕಂಪೆನಿಗಳೂ ಇಂಥ ಕ್ಯಾಪ್ಸೂಲ್ ಮಾಡುತ್ತಿರುವುದರಿಂದ ಮಗಳು ತಂದದ್ದು ಮುಗಿದರೂ ಯಂತ್ರ ಸುಮ್ಮನೆ ಕೂರಬೇಕಾಗಿಲ್ಲ.

ಅಲ್ಯೂಮಿನಿಯಂ ಗಾಳಿಯನ್ನೂ ಬೆಳಕನ್ನೂ ಪಸೆಯನ್ನೂ ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಚಿಕೋರಿ ಬೆರೆಸಿದ ಪುಡಿಯನ್ನು ಜೂನ್ ತಿಂಗಳಲ್ಲಿ ಮುಚ್ಚಳ ಸಡಿಲವಿರುವ ಡಬ್ಬಿಯಲ್ಲಿಟ್ಟರೆ ಒಂದೇ ವಾರದಲ್ಲಿ ಮುದ್ದೆ. ಕ್ಯಾಪ್ಸೂಲಿಗೆ ಆ ಭಯವಿಲ್ಲ. ಅದು ತನ್ನ ಭರಣಿಯನ್ನು ತಾನೇ ತೊಟ್ಟುಕೊಂಡು ಬಂದಿದೆ. ಹಾಗಾಗಿ ಅದರ ಗೂಡು ಗಾಳಿಯಾಡುವಂತೆ ತೆರೆದೇ ಇರಬಹುದು. ಒಲೆಯ ಬಿಸಿ ತಾಗಬಾರದು, ನೇರ ಬಿಸಿಲು ಬೀಳಬಾರದು, ಅಷ್ಟೇ. ಕಾಗದದ ಪಾಡ್‌ಗಳೂ ಸಿಗುತ್ತವೆ; ಅವನ್ನು ಒಂದೊಂದಾಗಿ ಲಕೋಟೆಯಲ್ಲಿ ಮುಚ್ಚಿರುತ್ತಾರೆ, ಲಕೋಟೆ ಬಿಚ್ಚಿ ಇಡುವುದಾದರೆ ಮಾತ್ರ ಬಿಗಿ ಡಬ್ಬಿಯೇ ಬೇಕು. ಅಲಂಕಾರಕ್ಕೆಂದು ಬಿಚ್ಚಿ ಜೋಡಿಸುವುದು ಸಲ್ಲದು.

ಇನ್ನು ಅಳತೆ. ಮಗಳು ತಂದ ಕ್ಯಾಪ್ಸೂಲಿನ ಅಂಚು 37 ಮಿಲಿಮೀಟರ್ ಅಗಲ, ಎತ್ತರ ಮೂವತ್ತಕ್ಕೆ ತುಸು ಕಡಿಮೆ. ಆ ಅಳತೆ ಕೇಳುತ್ತಿದ್ದಂತೆ ನನ್ನ ತಲೆಗೆ ಬಂದದ್ದು ಬಿದಿರು. ತೋಟದ ಅಂಚಿನಲ್ಲಿ ಒಂದು ಮೆಳೆ ಇದೆ. ಒಳಗಿನ ಪೊಳ್ಳು ನಲ್ವತ್ತು ಮಿಲಿಮೀಟರ್ ಇರುವ ಗಳವನ್ನು ಹುಡುಕಿದರೆ ಕ್ಯಾಪ್ಸೂಲ್ ಸರಾಗ ಜಾರುತ್ತದೆ, ಅಡ್ಡ ಬೀಳುವುದಿಲ್ಲ. ಎರಡು ಗಂಟುಗಳ ನಡುವೆ ಸುಮಾರು ಒಂದಡಿ ಇರುವ ಗಳವಾದರೆ ಇನ್ನೂ ಒಳ್ಳೆಯದು: ಹತ್ತು ಕ್ಯಾಪ್ಸೂಲ್ ಒಂದರ ಮೇಲೊಂದು ಕೂರುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಬರುವುದೂ ಹತ್ತೇ.

ಬಿದಿರನ್ನು ಕಡಿದ ಕೂಡಲೇ ಬಳಸುವಂತಿಲ್ಲ. ಹಸಿ ಬಿದಿರಿನಲ್ಲಿರುವ ಪಿಷ್ಟವನ್ನು ತಿನ್ನಲು ಕುಟ್ಟೆ ಬರುತ್ತದೆ, ಆರು ತಿಂಗಳಲ್ಲಿ ಗೋಡೆಯ ಕೆಳಗೆ ಹಳದಿ ಹುಡಿ ಉದುರಲು ಶುರು. ನಮ್ಮ ಹಿರಿಯರು ಗಳವನ್ನು ತೋಟದ ಕೆರೆಯಲ್ಲಿ ಕಲ್ಲು ಹೇರಿ ಮುಳುಗಿಸಿಡುತ್ತಿದ್ದುದು ಇದಕ್ಕಾಗಿಯೇ. ನೀರು ಪಿಷ್ಟವನ್ನು ಕರಗಿಸಿ ಒಯ್ಯುತ್ತದೆ. ಆಮೇಲೆ ನೆರಳಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಅದೃಷ್ಟಕ್ಕೆ ಹಟ್ಟಿಯ ಅಟ್ಟದಲ್ಲಿ ಕೆರೆ ಕಂಡು ಒಣಗಿದ ಗಳಗಳು ಮೊದಲೇ ಇದ್ದವು.

ಕೊಯ್ಯುವ ಕೆಲಸಕ್ಕೆ ನೆರೆಯ ಹಿರಿಯರೊಬ್ಬರನ್ನು ಕರೆದೆ. ಮುಟ್ಟಾಳೆ ಹೊಲಿಯುವುದರಲ್ಲಿ ಅವರ ಕೈ ಈ ಕಡೆ ಹೆಸರಾದದ್ದು. ಗದ್ದೆಯ ಕೆಲಸದವರ ತಲೆಗಿದ್ದ ಈ ಅಡಿಕೆ ಹಾಳೆಯ ಟೊಪ್ಪಿ ಈಗ ಕಂಬಳದಲ್ಲೂ ಸಭೆಗಳಲ್ಲೂ ಗೌರವದ ಗುರುತಾಗಿರುವುದರಿಂದ ಅವರಿಗೆ ಬೇಸಗೆಯಿಡೀ ಕೆಲಸ. ಕ್ಯಾಪ್ಸೂಲನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಉಂದೆತ್ತ ಉಲಾಯಿ ಕಾಫಿನಾ ಅಕ್ಕೆ?" ಎಂದು ತುಳುವಿನಲ್ಲಿ ಕೇಳಿದರು, ಇದರೊಳಗೆ ಕಾಫಿಯೇ ಎಂದು. ಹೌದೆಂದೆ. ಮತ್ತೆ ಹೆಚ್ಚು ಮಾತಿಲ್ಲ, ಗರಗಸ ಕೈಗೆ ತೆಗೆದುಕೊಂಡರು.

ಕೆಳಗಿನ ಗಂಟನ್ನು ಉಳಿಸಿಕೊಂಡು ಕೊಯ್ಯುವ ಉಪಾಯ ಅವರದೇ. ನಾನು ತಳಕ್ಕೆ ಮರದ ಬಿಲ್ಲೆ ಅಂಟಿಸುವ ಯೋಚನೆಯಲ್ಲಿದ್ದೆ. ಬಿದಿರಿನ ಗಂಟೇ ತಳವಾಗಿರುವಾಗ ಬಿಲ್ಲೆ ಏಕೆ? ಮೇಲಿನ ಗಂಟನ್ನು ಕತ್ತರಿಸಿ ಬಾಯಿ ತೆರೆದರು. ತಳದ ಗಂಟಿನ ಮೇಲೆ, ಮುಂಭಾಗದಲ್ಲಿ, ಒಂದು ಕ್ಯಾಪ್ಸೂಲ್ ಹೊರಬರುವಷ್ಟೇ ದೊಡ್ಡ ಕಿಂಡಿ. ಕಿಂಡಿಯಿಂದ ಮೇಲಕ್ಕೆ, ಬಾಯಿಗೆ ಎರಡು ಬೆರಳು ಕೆಳಗಿನವರೆಗೆ, ಕಿರುಬೆರಳು ಆಡುವಷ್ಟು ಅಗಲದ ಸೀಳು. ಸೀಳಿನಿಂದ ಒಳಗಿನ ಬಣ್ಣ ಕಾಣುತ್ತದೆ, ಎಷ್ಟು ಉಳಿದಿದೆಯೆಂದೂ ತಿಳಿಯುತ್ತದೆ, ಆದರೆ ಅಂಚು ಅಗಲವಾದ್ದರಿಂದ ಕ್ಯಾಪ್ಸೂಲ್ ಅಲ್ಲಿಂದ ಜಾರಿ ಬೀಳುವುದಿಲ್ಲ. ಕೆಳಗಿನದನ್ನು ತೆಗೆದರೆ ಮೇಲಿನವೆಲ್ಲ ಒಂದು ಹೆಜ್ಜೆ ಇಳಿಯುತ್ತವೆ. ಮೇಲಿಂದ ತುಂಬಿಸಿ ಕೆಳಗಿಂದ ತೆಗೆಯುವುದರಿಂದ ಮೊದಲು ಬಂದದ್ದೇ ಮೊದಲು ಮುಗಿಯುತ್ತದೆ. ದಾಸ್ತಾನಿನ ಈ ನೀತಿ ತಾನಾಗಿಯೇ ನಡೆಯುವುದನ್ನು ನೋಡಲು ನನಗೆ ಬಹಳ ಹಿತ.

ಸೀಳಿದ ಬಿದಿರಿಗೆ ಅಗಲವಾಗುವ, ಇಲ್ಲವೇ ಮುಚ್ಚಿಕೊಳ್ಳುವ ಸ್ವಭಾವ ಇದೆ. ಅದನ್ನು ಹಿಡಿದು ನಿಲ್ಲಿಸಲು ಸೀಳಿನ ಮೇಲೊಂದು, ಕಿಂಡಿಯ ಕೆಳಗೊಂದು ಕಟ್ಟು ಬೇಕು. ತೆಂಗಿನ ನಾರಿನ ಸಪೂರ ಹುರಿಯನ್ನು ನೆನೆಸಿ, ಒದ್ದೆಯಿರುವಾಗಲೇ ಬಿಗಿಯಾಗಿ ಸುತ್ತಿದರು. ಒಣಗುತ್ತ ಅದು ಇನ್ನಷ್ಟು ಬಿಗಿಯಾಯಿತು. ಸುತ್ತಿದ ಕ್ರಮ ನೋಡಿದರೆ ಅದು ಮುಡಿಯದೇ. ಬಾಲ್ಯದಲ್ಲಿ ಕಟ್ಟಿದ ಕೈ ಅವರದು, ಮರೆತಿರಲಿಲ್ಲ.

ಇಂಥ ಐದು ಕೊಳವೆಗಳು ಸಿದ್ಧವಾದವು. ಈಗ ಅವುಗಳಿಗೆ ಬೆನ್ನು ಬೇಕು. ಮನೆ ರಿಪೇರಿಯಲ್ಲಿ ಉಳಿದ ಹಲಸಿನ ಹಲಗೆಯೊಂದಿತ್ತು. ಹಲಸು ವರ್ಷ ಕಳೆದಂತೆ ಹಳದಿಯಿಂದ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುವ ಮರ, ಹಾಗೇ ಬಿಟ್ಟರೂ ಚಂದ. ಆದರೆ "ಪಾಳೆ ಪಾಡ್ಗ ಅಕ್ಕೆ", ಹಾಳೆ ಹಾಕೋಣ, ಎಂದು ಅವರು ಹೇಳಿದ ಮೇಲೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಡಿಕೆ ತೋಟದ ನಡುವೆ ಇದ್ದುಕೊಂಡು ಹಾಳೆಯಿಲ್ಲದ ಅಲಂಕಾರ ಏನು ಅಲಂಕಾರ?

ಹಾಳೆಯ ಋಣ ನಮ್ಮ ಮೇಲೆ ಎಷ್ಟಿದೆ ಎಂದು ಆ ದಿನಗಳಲ್ಲಿ ಮತ್ತೆ ಮತ್ತೆ ಅನಿಸಿತು. ಹುಟ್ಟಿದ ಮಗುವನ್ನು ಎಣ್ಣೆ ಹಚ್ಚಿ ಮೀಯಿಸುವುದು ಹಾಳೆಯಲ್ಲಿ ಮಲಗಿಸಿ. ನಡೆಯಲು ಕಲಿತ ಮೇಲೆ ಅದೇ ಹಾಳೆಯಲ್ಲಿ ಕೂತು ಅಣ್ಣನಿಂದ ಅಂಗಳವಿಡೀ ಎಳೆಸಿಕೊಳ್ಳುವುದು. ಸೆಕೆಗೆ ಹಾಳೆಯ ಬೀಸಣಿಗೆ, ಬಿಸಿಲಿಗೆ ಹಾಳೆಯ ಟೊಪ್ಪಿ. ಈಗ ಹಾಳೆಯ ತಟ್ಟೆ ಒತ್ತುವ ಯಂತ್ರಗಳು ಊರೂರಲ್ಲಿ ಇವೆ, ಆ ತಟ್ಟೆಗಳು ವಿದೇಶಕ್ಕೂ ಹೋಗುತ್ತವೆ. ಅಡಿಕೆಗೆ ರೇಟು ಏರುತ್ತದೆ, ಇಳಿಯುತ್ತದೆ. ವಿಟ್ಲದ ಸಂಶೋಧನಾ ಕೇಂದ್ರದವರು ಹೊಸ ತಳಿ ಕೊಡುತ್ತಾರೆ, ಕ್ಯಾಂಪ್ಕೋದವರು 1973ರಿಂದ ಕೊಳ್ಳುತ್ತ ಬಂದಿದ್ದಾರೆ. ಆದರೆ ಮರ ತಾನಾಗಿ ಕಳಚಿ ಕೆಳಗೆ ಹಾಕುವ ಹಾಳೆಗೆ ಯಾರೂ ರೇಟು ಕಟ್ಟದ ಕಾಲದಲ್ಲೂ ಅದು ಮನೆಯ ಅರ್ಧ ಕೆಲಸ ಮಾಡಿಕೊಡುತ್ತಿತ್ತು.

ಒಳ್ಳೆಯ ಹಾಳೆ ಸಿಗುವುದು ಮಳೆ ಇಲ್ಲದ ತಿಂಗಳುಗಳಲ್ಲಿ. ಒಂದೆರಡು ಮಳೆ ಕಂಡರೆ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಆ ಕಲೆ ಏನು ಮಾಡಿದರೂ ಹೋಗದು. ಬಿದ್ದ ದಿನವೇ ಹೆಕ್ಕಿ ತಂದು, ತೊಳೆದು, ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಿಡಿಸಿ, ಎರಡು ಹಲಗೆಗಳ ನಡುವೆ ಒತ್ತಿ ಅರೆಯುವ ಕಲ್ಲು ಹೇರಿದೆವು. ಒಣಗಿದ ಹಾಳೆಯ ಒಳಮೈ ನಯ, ಬೆಣ್ಣೆಬಣ್ಣ. ಹೊರಮೈಯಲ್ಲಿ ಉದ್ದಕ್ಕೆ ಗೆರೆಗಳು, ಅಲ್ಲಲ್ಲಿ ನಸುಗೆಂಪು ಛಾಯೆ. ನಾನು ಒಳಮೈ ಮುಂದೆ ಬರಲಿ ಎಂದೆ. ಅವರು ಹೊರಮೈಯನ್ನೇ ಹಿಡಿದರು. ಅವರು ಹೇಳಿದ್ದೇ ಸರಿ: ಬಿದಿರಿನ ಉದ್ದ ಗೆರೆಗಳ ಹಿಂದೆ ಹಾಳೆಯ ಉದ್ದ ಗೆರೆಗಳು ಎಷ್ಟು ಹೊಂದಿಕೊಂಡವೆಂದರೆ ಕಣ್ಣು ಎಲ್ಲೂ ತಡೆಯುವುದಿಲ್ಲ. ಅಂಚನ್ನು ಮುಟ್ಟಾಳೆಯ ಅಂಚಿನಂತೆ ಮಡಚಿ, ದಬ್ಬಣದಲ್ಲಿ ಕೆಂಪು ನೂಲು ಪೋಣಿಸಿ ಹೊಲಿದರು.

ಅಲಂಕಾರದ ವಿಚಾರದಲ್ಲಿ ಮನೆಯಲ್ಲಿ ಸಾಕಷ್ಟು ಚರ್ಚೆಯಾಯಿತು. ಮೊಮ್ಮಗಳಿಗೆ ಹಾಳೆಯ ಮೇಲೆ ಯಕ್ಷಗಾನದ ಕಿರೀಟ ಬರೆಯುವ ಆಸೆ. ಅಳಿಯ ಸಣ್ಣ ದೀಪಗಳ ಸರ ಹಾಕೋಣ ಎಂದರು. ನನ್ನ ಮನಸ್ಸು ಬೇರೆ ಹೇಳಿತು. ಕ್ಯಾಪ್ಸೂಲ್‌ಗಳೇ ಚಿನ್ನ, ನೇರಳೆ, ಹಸಿರು, ಕೆಂಪು ಎಂದು ಹೊಳೆಯುತ್ತಿರುವಾಗ ಗೂಡೂ ಮೆರೆದರೆ ಎರಡೂ ಕೆಡುತ್ತವೆ. ಅಂಗಡಿಗಳಲ್ಲಿ ಸಿಗುವ, ತಿರುಗುವ ಸ್ಟೀಲ್ ಗೋಪುರಗಳು ನನಗೆ ರುಚಿಸದಿರುವುದಕ್ಕೂ ಅದೇ ಕಾರಣ. ಗೂಡು ಮಂಕಾಗಿರಲಿ, ಒಳಗಿನದು ಬೆಳಗಲಿ. ಕೊನೆಗೆ ಕೆಂಪು ನೂಲಿನ ಅಂಚೊಂದೇ ಅಲಂಕಾರವಾಗಿ ಉಳಿಯಿತು. ಮೊಮ್ಮಗಳಿಗೆ ಪ್ರತಿ ಕೊಳವೆಯ ಬಾಯಿಗೆ ತೆಂಗಿನ ಗೆರಟೆಯ ಮುಚ್ಚಳ ಉಜ್ಜಿ ನಯಮಾಡುವ ಕೆಲಸ ಕೊಟ್ಟೆ. ಸ್ಯಾಂಡ್ ಪೇಪರ್ ಹಿಡಿದು ಅವಳು ಉಜ್ಜಿದ ಗೆರಟೆ ಈಗ ಕನ್ನಡಿಯ ಹೊಳಪಿನದು, ಇಡೀ ಗೂಡಿನಲ್ಲಿ ಕೈ ಮೊದಲು ಹೋಗುವುದು ಅಲ್ಲಿಗೇ.

ಎಣ್ಣೆಯ ಪ್ರಶ್ನೆ ಒಂದು ಉಳಿದಿತ್ತು. ಮರಕ್ಕೆ ಗೆದ್ದಲು ಹಿಡಿಯದಂತೆ ನಮ್ಮಲ್ಲಿ ಗೇರೆಣ್ಣೆ ಬಳಿಯುವ ರೂಢಿ. ಆದರೆ ಅದು ಕೈ ಸುಡುವ ಎಣ್ಣೆ, ಅದರ ವಾಸನೆಯೂ ಗಾಢ. ಕಾಫಿಯ ಹತ್ತಿರ ಅದು ಕೂಡದು. ತೆಂಗಿನೆಣ್ಣೆ ಕನರುತ್ತದೆ. ಜೇನುಪೆಟ್ಟಿಗೆಯಿಂದ ತೆಗೆದಿಟ್ಟ ಮೇಣವನ್ನು ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಉಜ್ಜಿದೆವು. ಗೋಡೆಯ ಆಯ್ಕೆಯಲ್ಲೂ ಯೋಚಿಸಿದೆವು: ಮಳೆ ಹೊಡೆಯುವ ಪಡುವಣ ಗೋಡೆ ಬೇಡ, ಒಲೆಯ ಪಕ್ಕ ಬೇಡ. ಜಗಲಿಯಿಂದ ಅಡುಗೆಮನೆಗೆ ಕಾಲಿಡುತ್ತಲೇ ಎದುರಾಗುವ ಒಳಗೋಡೆಗೆ ಹಲಗೆಯನ್ನು ತೂಗುಹಾಕಿದೆವು.

ಕ್ಯಾಪ್ಸೂಲ್ ತುಂಬಿಸುವಾಗ ಮಗಳು ಒಂದು ಪೆಟ್ಟಿಗೆಯನ್ನು ಬೇರೆ ಎತ್ತಿಟ್ಟು, "ಅಮ್ಮಾ, ಇದರ ಮೇಲೆ ಇಂಡಿಯಾ ಹೇಳಿ ಇದ್ದು" ಎಂದು ತೋರಿಸಿದಳು. ನಮ್ಮ ದೇಶದ ರೊಬಸ್ಟಾ, ಅದೂ ಮಾನ್ಸೂನ್ ಮಾಡಿದ ರೊಬಸ್ಟಾ ಸೇರಿದ ಕಾಫಿ. ನಾನು ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ.

ಏಕೆಂದರೆ ಮಾಣಿ ಇರುವುದೇ ಕಾಫಿಯ ದಾರಿಯ ಮೇಲೆ. ಮಂಗಳೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಸಕಲೇಶಪುರ. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಎರಡೂ ದಾರಿಯ ತುದಿಯಲ್ಲಿ ಕಾಫಿ ತೋಟ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೊಡಗಿನಲ್ಲಿ ದೊಡ್ಡ ತೋಟಗಳು ಎದ್ದ ಮೇಲೆ ಬೀಜ ಘಾಟಿ ಇಳಿದು ಕರಾವಳಿಗೆ ಬರುತ್ತಿತ್ತು, ಮೊದಲು ಎತ್ತಿನ ಬಂಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಮಂಗಳೂರಿನ ಪಿಯರ್ಸ್ ಲೆಸ್ಲಿ, ಆಸ್ಪಿನ್‌ವಾಲ್‌ನಂಥ ಕಂಪೆನಿಗಳ ಕ್ಯೂರಿಂಗ್ ಕೆಲಸದ ಅಂಗಳಗಳಲ್ಲಿ ಅದನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಗಾತ್ರ ನೋಡಿ ವಿಂಗಡಿಸುತ್ತಿದ್ದರು. ಸಾಲಾಗಿ ಕುಳಿತು ಕೆಟ್ಟ ಬೀಜ ಆಯುತ್ತಿದ್ದವರು ಹೆಂಗಸರು. ಕರಾವಳಿಯ ಎಷ್ಟೋ ಮನೆಗಳ ಒಲೆ ಆ ಕೂಲಿಯಿಂದ ಉರಿದಿದೆ.

ಮಾನ್ಸೂನ್ ಕಾಫಿಯ ಕಥೆಯೂ ಈ ಕರಾವಳಿಯದೇ. ಹಾಯಿಹಡಗುಗಳು ಆಫ್ರಿಕವನ್ನು ಸುತ್ತಿ ಯುರೋಪು ಸೇರುವ ಹೊತ್ತಿಗೆ ಬೀಜ ಕಡಲ ಪಸೆ ಕುಡಿದು ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ಬರುತ್ತಿತ್ತು. ಅಲ್ಲಿನವರಿಗೆ ಆ ರುಚಿ ಹಿಡಿಸಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಹಡಗುಗಳೂ ವೇಗವಾದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು, ಹಳೆಯ ರುಚಿ ಬೇಕೆಂಬ ಬೇಡಿಕೆ ಬಂತು. ಕಡಲಲ್ಲಿ ತಾನಾಗಿ ಆಗುತ್ತಿದ್ದುದನ್ನು ಆಗ ದಡದಲ್ಲೇ ಮಾಡಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬದಿ ತೆರೆದ ಗೋದಾಮುಗಳಲ್ಲಿ ಬೀಜವನ್ನು ಗೇಣು ದಪ್ಪಕ್ಕೆ ಹರಡಿ, ಕೆದಕುತ್ತ, ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿ, ವಾರಗಟ್ಟಲೆ ನೈಋತ್ಯ ಮಾರುತಕ್ಕೆ ಒಡ್ಡುವುದು. ಈ ಕಾಫಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಮ್ಮ ಪುಡಿಯನ್ನು ಮುದ್ದೆ ಮಾಡುವ, ಹಾಳೆಗೆ ಬೂಸ್ಟು ಹಿಡಿಸುವ ಅದೇ ಮಳೆಗಾಳಿ ಒಂದು ಬೀಜವನ್ನು ಜಗತ್ತಿನ ಅಂಗಡಿಗೆ ಸಿದ್ಧಮಾಡುತ್ತದೆ. ಹೀಗೆ ಕರಾವಳಿಯಿಂದ ಕಡಲು ದಾಟಿದ ಕಾಫಿ ಯುರೋಪಿನಲ್ಲಿ ಹುರಿಸಿಕೊಂಡು, ಅಲ್ಯೂಮಿನಿಯಂ ತೊಟ್ಟು, ಮಗಳ ಪೆಟ್ಟಿಗೆಯಲ್ಲಿ ಕೂತು ಮಾಣಿಗೆ ಬಂದಿದೆ. ನಡುವಿನ ಕೊಳವೆಯನ್ನು ಅದಕ್ಕೆ ಕೊಟ್ಟೆ.

ನಮ್ಮಲ್ಲಿ ನೆಂಟರು ಬಂದರೆ ಕಾಲಿಗೆ ನೀರು ಕೊಟ್ಟ ಮೇಲಿನ ಮೊದಲ ಮಾತು "ಆಸರಿಂಗೆ ಎಂತ ಅಕ್ಕು?" ಬೆಲ್ಲ ನೀರು, ಮಜ್ಜಿಗೆ, ಕಷಾಯ, ಕಾಫಿ ಎಂದು ನಾವೇ ಹೇಳಬೇಕು, ಅವರು "ಎಂತದೂ ಬೇಡ" ಎನ್ನಬೇಕು, ನಾವು ಒತ್ತಾಯ ಮಾಡಬೇಕು. ಈಗ ಅವರು ಗೋಡೆಯ ಹತ್ತಿರ ಹೋಗಿ, ಸೀಳಿನಲ್ಲಿ ಕಾಣುವ ಬಣ್ಣ ನೋಡಿ, ತಾವೇ ಒಂದನ್ನು ಕಿಂಡಿಯಿಂದ ತೆಗೆದು ಕೈಗೆ ಕೊಡುತ್ತಾರೆ. ಕಲ್ಲಡ್ಕದಲ್ಲಿ ಹಾಲು ಕೆಳಗೆ, ಚಹಾ ಮೇಲೆ ನಿಲ್ಲುವ ಕೆ.ಟಿ. ಕುಡಿದೇ ಬಂದ ಭಾವನವರೂ ಮೇಲಿನ ಕ್ಯಾಪ್ಸೂಲ್‌ಗಳು ಇಳಿಯುವುದನ್ನು ನೋಡಲಿಕ್ಕೆಂದು ಒಂದು ತೆಗೆಸಿಕೊಳ್ಳುತ್ತಾರೆ. ಯಂತ್ರ ಕೊಡುವ ಕಾಫಿ ಒಂದು ಗುಟುಕಿನಷ್ಟು. ನಾನು ಅದಕ್ಕೆ ಕುದಿಯುವ ಹಾಲು, ಸಕ್ಕರೆ ಸೇರಿಸಿ ಸ್ಟೀಲ್ ಲೋಟದಲ್ಲೇ ಕೊಡುವುದು.

ಬಳಸಿದ ಕ್ಯಾಪ್ಸೂಲಿನ ಬಗ್ಗೆ ನನಗೆ ಸಮಾಧಾನವಿಲ್ಲ. ಒಂದು ಲೋಟಕ್ಕೆ ಒಂದು ಲೋಹದ ಚಿಪ್ಪು ಎನ್ನುವುದು ಹೆಚ್ಚಾಯಿತು. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ತನ್ನ ಕಚೇರಿಗಳಿಗೆ ಇವನ್ನು ಕೊಳ್ಳುವುದನ್ನೇ ನಿಲ್ಲಿಸಿತು, ಅದು ನ್ಯಾಯವೇ. ಆದ್ದರಿಂದ ನಮ್ಮಲ್ಲಿ ಇದು ದಿನದ ಕಾಫಿ ಆಗಿಲ್ಲ, ನೆಂಟರ ಕಾಫಿ, ಹಬ್ಬದ ಕಾಫಿ. ಚರಟ ಮಲ್ಲಿಗೆ ಬುಡಕ್ಕೆ ಹೋಗುತ್ತದೆ. ಚಿಪ್ಪುಗಳನ್ನು ತೊಳೆದು ಗೋಣಿಗೆ ಹಾಕಿಟ್ಟು, ಪಾತ್ರೆ ಪಗಡದ ಗುಜರಿಯವರು ಬಂದಾಗ ಕೊಡುತ್ತೇವೆ.

ಜ್ಯೂರಿಕ್‌ಗೆ ಹಿಂದಿರುಗಿದ ಮಗಳಿಗೆ ಈಗ ಅಲ್ಲಿಗೂ ಒಂದು ಗೂಡು ಬೇಕಂತೆ. ಹಾಳೆಯನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೋ ಎಂದು ಅಳಿಯ ವಿಚಾರಿಸುತ್ತಿದ್ದಾರೆ. ಬಿಡದಿದ್ದರೆ ಮೇಣ ಉಜ್ಜಿದ ಬಿದಿರು ಮಾತ್ರ ಹೋಗಲಿ, ಬೆನ್ನಿಗೆ ಅಲ್ಲಿಯದೇ ಮರದ ಹಲಗೆ ಹುಡುಕಿಕೊಳ್ಳಲಿ ಎಂದಿದ್ದೇನೆ. ನೆರೆಯ ಹಿರಿಯರು ಮೆಳೆಯಲ್ಲಿ ಗಳ ಆರಿಸಿ ಕಡಿದು ಕೆರೆಗೆ ಹಾಕಿಯೂ ಆಯಿತು. ಆದರೆ ಅವಳ ಮನೆಯ ಯಂತ್ರ ಬೇರೆ ಬಗೆಯದು, ಅದರ ಕ್ಯಾಪ್ಸೂಲ್ ಇನ್ನೂ ಅಗಲ, ಎತ್ತರವೂ ಒಂದೊಂದರದು ಒಂದೊಂದು. ಹಾಗಿದ್ದರೆ ಈ ಗಳ ಸಾಲದು, ಹೆಬ್ಬಿದಿರೇ ಬೇಕಾದೀತು. ಅತಿ ಎತ್ತರದ್ದು ಯಾವುದು, ಅಂಚು ಎಷ್ಟು ಎಂದು ಸ್ಕೇಲ್ ಹಿಡಿದು ಅಳೆದು ಕಳಿಸು ಎಂದು ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದ್ದೇನೆ.